ಡಿಸ್ಟ್ರೋ, ಫೈರ್‌ವಾಲ್, ಪ್ಯಾಕೇಜ್: ಹೊಸದಾಗಿ ಲಿನಕ್ಸ್ ಹಾಕುವವರು ಏನೇನು ನೋಡಿಕೊಳ್ಳಬೇಕು?

ಹೊಸಹಾದಿ:
ಎಲ್ಲರಿಗೂ ನಮಸ್ಕಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬೇಕು. ಕೆಲಸ ಅಂದರೆ ಬ್ರೌಸರ್, ಲಿಬ್ರೆಆಫೀಸ್, ಪ್ರಿಂಟರ್, ಸ್ವಲ್ಪ ಪೈಥಾನ್. ಬೇರೆ ಮಷೀನ್‌ನಿಂದ ಎಸ್‌ಎಸ್‌ಎಚ್‌ನಲ್ಲಿ ಒಳಬರುವಂತೆಯೂ ಇರಬೇಕು. ಯಾವ ಡಿಸ್ಟ್ರೋ (ಲಿನಕ್ಸ್‌ನ ಸಿದ್ಧ ರೂಪ) ಹಾಕಲಿ? ಫೈರ್‌ವಾಲ್ ತಾನಾಗಿಯೇ ಆನ್ ಆಗಿರುತ್ತದೆಯೇ? ಸಾಫ್ಟ್‌ವೇರ್ ಎಪಿಟಿಯಿಂದ (ಡಿಸ್ಟ್ರೋದ್ದೇ ಪ್ಯಾಕೇಜ್ ಉಪಕರಣ) ಹಾಕಬೇಕೋ, ಹಲವು ಡಿಸ್ಟ್ರೋಗಳಲ್ಲಿ ಓಡುವ ಫ್ಲಾಟ್‌ಪ್ಯಾಕ್‌ನಿಂದಲೋ, ಸ್ನ್ಯಾಪ್‌ನಿಂದಲೋ?

ಟಕ್ಸ್‌ಕಟ್ಟೆ:
ನಿಮ್ಮ ಕೆಲಸಕ್ಕೆ ಲಿನಕ್ಸ್ ಮಿಂಟ್ ಸಾಕು. ಮಿಂಟ್ 22 ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಬೆಂಬಲ ಇದೆ. ಡೆಸ್ಕ್‌ಟಾಪ್ ನೋಡಲು ಹೇಗಿದೆ ಎಂದು ಡಿಸ್ಟ್ರೋ ಆರಿಸಬೇಡಿ, ಅದನ್ನು ಆಮೇಲೂ ಬದಲಿಸಬಹುದು. ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಎಷ್ಟು ಸಲ ಹಾರಬೇಕು, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಹೇಗೆ ಮರಳಬಹುದು, ಇವನ್ನು ನೋಡಿ. ಫೆಡೋರಾದ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಆಯಸ್ಸು. ಉಬುಂಟು ಎಲ್‌ಟಿಎಸ್‌ಗೆ (ದೀರ್ಘ ಬೆಂಬಲದ ಆವೃತ್ತಿ) 5 ವರ್ಷ. ಬರೀ ಕೆಲಸ ಆಗಬೇಕು ಅನ್ನುವವರಿಗೆ ಈ ವ್ಯತ್ಯಾಸ ದೊಡ್ಡದು.

ಫೈರ್‌ವಾಲ್ ವಿಚಾರ: ಮಿಂಟ್‌ನಲ್ಲೂ ಉಬುಂಟುವಿನಲ್ಲೂ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಉಪಕರಣ ಇನ್‌ಸ್ಟಾಲ್ ಆಗಿಯೇ ಬರುತ್ತದೆ, ಆದರೆ ಆಫ್ ಆಗಿರುತ್ತದೆ. ನೀವೇ ಆನ್ ಮಾಡಬೇಕು.

ಕೆಂಪುಟೋಪಿ:
ಫೆಡೋರಾದಲ್ಲಿ ಫೈರ್‌ವಾಲ್‌ಡಿ ಎಂಬ ಫೈರ್‌ವಾಲ್ ಮೊದಲಿನಿಂದಲೇ ಓಡುತ್ತಿರುತ್ತದೆ, ಆ ಲೆಕ್ಕದಲ್ಲಿ ಅದು ಮುಂದು. ಇನ್ನು 13 ತಿಂಗಳ ಮಾತು. ಆವೃತ್ತಿ ಬದಲಾವಣೆಗೆ ಅಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಅಲ್ಲಿನ ಪ್ಯಾಕೇಜ್ ಉಪಕರಣವಾದ ಡಿಎನ್‌ಎಫ್‌ನ ಸಿಸ್ಟಂ-ಅಪ್‌ಗ್ರೇಡ್ ಡೌನ್‌ಲೋಡ್ ಮಾಡಿಕೊಂಡು, ರೀಬೂಟ್‌ನಲ್ಲಿ ಮುಗಿಸುತ್ತದೆ.

ಬೇರುಮಟ್ಟ:
ಓಡುತ್ತಿರುವುದು ನಿಜ, ಆದರೆ ಎಷ್ಟು ಮುಚ್ಚಿದೆ ಎಂದೂ ನೋಡಬೇಕಲ್ಲ. ಫೆಡೋರಾ ವರ್ಕ್‌ಸ್ಟೇಷನ್‌ನ ಡೀಫಾಲ್ಟ್ ಜೋನ್‌ನ (ನಿಯಮಗಳ ಗುಂಪು) ಹೆಸರು ಫೆಡೋರಾವರ್ಕ್‌ಸ್ಟೇಷನ್. ಅದರಲ್ಲಿ 1025ರಿಂದ 65535ರವರೆಗಿನ ಎಲ್ಲ ಟಿಸಿಪಿ, ಯುಡಿಪಿ ಪೋರ್ಟ್‌ಗಳೂ (ಪ್ರೋಗ್ರಾಂಗಳು ಸಂಪರ್ಕಕ್ಕೆ ಕಾಯುವ ಬಾಗಿಲುಗಳು) ಒಳಬರುವ ಸಂಪರ್ಕಕ್ಕೆ ತೆರೆದಿವೆ. ಫೈಲ್ ಹಂಚಿಕೆ, ಮೀಡಿಯಾ ಸರ್ವರ್‌ನಂಥವು ತೊಡಕಿಲ್ಲದೆ ನಡೆಯಲಿ ಎಂದು ಬೇಕೆಂದೇ ಹಾಗೆ ಇಟ್ಟಿದ್ದಾರೆ. ಆದರೆ ಪೈಥಾನ್ ಬಳಸುವವರು 8000ನೇ ಪೋರ್ಟ್‌ನಲ್ಲಿ ಎಚ್‌ಟಿಟಿಪಿ ಸರ್ವರ್ ಶುರು ಮಾಡಿದರೆ ಅದೇ ವೈಫೈನಲ್ಲಿರುವ ಯಾರಿಗೂ ಅದು ಸಿಗುತ್ತದೆ. ಯಾವ ಜೋನ್‌ನಲ್ಲಿದ್ದೀರಿ ನೋಡಿ:

ಫೈರ್‌ವಾಲ್-ಸಿಎಮ್‌ಡಿ --ಗೆಟ್-ಆ್ಯಕ್ಟಿವ್-ಜೋನ್ಸ್

ಬಿಗಿ ಬೇಕಿದ್ದರೆ:

ಸುಡೊ ಫೈರ್‌ವಾಲ್-ಸಿಎಮ್‌ಡಿ --ಸೆಟ್-ಡೀಫಾಲ್ಟ್-ಜೋನ್=ಪಬ್ಲಿಕ್

(ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆಯುತ್ತಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಹಾಕಿ. ದೊಡ್ಡಕ್ಷರ ಎಲ್ಲಿ ಬೇಕೋ ಅಲ್ಲಿ ಹೇಳುತ್ತೇವೆ.)

ಹೊಸಹಾದಿ:
ಮನೆಯಲ್ಲಿ ರೂಟರ್ ಇದೆಯಲ್ಲ, ಹೊರಗಿನವರು ನೇರ ಒಳಬರಲು ಆಗದು ಎಂದು ಕೇಳಿದ್ದೆ. ಹಾಗಿದ್ದ ಮೇಲೆ ಲ್ಯಾಪ್‌ಟಾಪ್‌ನಲ್ಲೂ ಫೈರ್‌ವಾಲ್ ಯಾಕೆ?

ಪೋರ್ಟ್22:
ಎರಡು ಕಾರಣ. ಲ್ಯಾಪ್‌ಟಾಪ್ ಒಂದೇ ಕಡೆ ಕೂರುವುದಿಲ್ಲ. ಬೇರೆಯವರ ವೈಫೈಗೆ ಸೇರಿಸಿದ ಕೂಡಲೇ ಪಕ್ಕದ ಸಾಧನಗಳಿಗೂ ನಿಮಗೂ ನಡುವೆ ರೂಟರ್‌ನ ಕಾವಲು ಇರುವುದಿಲ್ಲ. ಎರಡನೆಯದು ಐಪಿವಿ6, ಅಂದರೆ ಹೊಸ ಬಗೆಯ ಇಂಟರ್‌ನೆಟ್ ವಿಳಾಸ ವ್ಯವಸ್ಥೆ. ಅಲ್ಲಿ ಸಾಮಾನ್ಯವಾಗಿ ನ್ಯಾಟ್ (ಮನೆಯ ಸಾಧನಗಳನ್ನೆಲ್ಲ ಒಂದೇ ಹೊರವಿಳಾಸದ ಹಿಂದೆ ಇಡುವುದು) ಇಲ್ಲ, ಪ್ರತಿ ಸಾಧನಕ್ಕೂ ಜಾಗತಿಕ ವಿಳಾಸವೇ ಸಿಗುತ್ತದೆ. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದ್ದರೆ ಸರಿ, ಇಲ್ಲದಿದ್ದರೆ ಪೂರ್ತಿ ಬಯಲು.

ಆದರೂ ಫೈರ್‌ವಾಲ್‌ಗೆ ಮೊದಲು ಮಾಡಬೇಕಾದ ಕೆಲಸ ಬೇರೆ. ಯಾವ ಪ್ರೋಗ್ರಾಂ ಯಾವ ಪೋರ್ಟ್‌ನಲ್ಲಿ ಕಾದು ಕುಳಿತಿದೆ ಅಂತ ನೋಡಿಕೊಳ್ಳಿ:

ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್

ಲೋಕಲ್ ಅಡ್ರೆಸ್ ಕಾಲಂ ಮುಖ್ಯ. 127.0.0.1:631 ಎಂದಿದ್ದರೆ ಅದು ಪ್ರಿಂಟಿಂಗ್ ಸೇವೆ, ಈ ಮಷೀನ್‌ಗೆ ಮಾತ್ರ ಕಾಣುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. 0.0.0.0:22 ಅಥವಾ [::]:22 ಎಂದಿದ್ದರೆ ಅದು ಎಸ್‌ಎಸ್‌ಎಚ್, ಎಲ್ಲ ನೆಟ್‌ವರ್ಕ್‌ಗಳಿಂದಲೂ ಸಿಗುತ್ತದೆ. ಬೇಡದ ಸೇವೆ ಕಂಡರೆ ಫೈರ್‌ವಾಲ್‌ನಲ್ಲಿ ಮುಚ್ಚುವ ಬದಲು ಸೇವೆಯನ್ನೇ ನಿಲ್ಲಿಸಿ: ಸುಡೊ ಸಿಸ್ಟಂಸಿಟಿಎಲ್ ಡಿಸೇಬಲ್ --ನೌ, ಮುಂದೆ ಸೇವೆಯ ಹೆಸರು. ಯಾರೂ ಕೇಳದ ಪೋರ್ಟ್‌ಗೆ ಯಾರು ಬಂದರೂ ಏನೂ ಸಿಗದು.

ಇನ್ನು ಯುಎಫ್‌ಡಬ್ಲ್ಯು. ಈ ಕ್ರಮ ತಪ್ಪಿಸಬೇಡಿ:

ಸುಡೊ ಯುಎಫ್‌ಡಬ್ಲ್ಯು ಡೀಫಾಲ್ಟ್ ಡಿನೈ ಇನ್‌ಕಮಿಂಗ್
ಸುಡೊ ಯುಎಫ್‌ಡಬ್ಲ್ಯು ಡೀಫಾಲ್ಟ್ ಅಲೋ ಔಟ್‌ಗೋಯಿಂಗ್
ಸುಡೊ ಯುಎಫ್‌ಡಬ್ಲ್ಯು ಲಿಮಿಟ್ 22/ಟಿಸಿಪಿ
ಸುಡೊ ಯುಎಫ್‌ಡಬ್ಲ್ಯು ಎನೇಬಲ್
ಸುಡೊ ಯುಎಫ್‌ಡಬ್ಲ್ಯು ಸ್ಟೇಟಸ್ ವರ್ಬೋಸ್

ಲಿಮಿಟ್ ಅಂದರೆ ಒಂದೇ ಐಪಿಯಿಂದ 30 ಸೆಕೆಂಡಿನಲ್ಲಿ 6 ಅಥವಾ ಹೆಚ್ಚು ಸಂಪರ್ಕ ಬಂದರೆ ತಡೆಯುವುದು. ಕೈಯಲ್ಲಿ ಲಾಗಿನ್ ಆಗುವವರಿಗೆ ತೊಂದರೆ ಇಲ್ಲ. ಆದರೆ ಸ್ಕ್ರಿಪ್ಟ್‌ನಲ್ಲಿ ಒಂದೊಂದು ಫೈಲಿಗೂ ಹೊಸ ಎಸ್‌ಎಸ್‌ಎಚ್ ಸಂಪರ್ಕ ತೆರೆಯುವವರು ತಾವೇ ಸಿಕ್ಕಿಬೀಳುತ್ತಾರೆ. ಅಂಥ ಕಡೆ ಲಿಮಿಟ್ ಬಿಟ್ಟು ಅಲೋ ಹಾಕಿ, ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀ ಮಾತ್ರ ಇಡಿ.

ಬೇರುಮಟ್ಟ:
ದೂರದ ಸರ್ವರ್‌ನಲ್ಲಿ ಇದನ್ನೇ ಮಾಡುವವರಿಗೆ ಒಂದು ಮಾತು. ಎನೇಬಲ್ ಮಾಡಿದ ಮೇಲೂ ಈಗಿರುವ ಎಸ್‌ಎಸ್‌ಎಚ್ ಕಿಟಕಿ ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತದೆ. ಆಗಲೇ ಏರ್ಪಟ್ಟ ಸಂಪರ್ಕಗಳನ್ನು ಬಿಡುವ ನಿಯಮ ಯುಎಫ್‌ಡಬ್ಲ್ಯು ಒಳಗೇ ಇದೆ. ಅದನ್ನು ನೋಡಿ ಎಲ್ಲ ಸರಿಯಿದೆ ಎಂದು ಲಾಗೌಟ್ ಆದರೆ, 22ರ ನಿಯಮ ತಪ್ಪಿದ್ದಲ್ಲಿ ಮತ್ತೆ ಒಳಬರಲು ಆಗುವುದಿಲ್ಲ. ಹಳೆಯ ಕಿಟಕಿ ಮುಚ್ಚದೆ, ಇನ್ನೊಂದು ಟರ್ಮಿನಲ್‌ನಿಂದ ಹೊಸ ಲಾಗಿನ್ ಮಾಡಿ ನೋಡಿ. ಜೊತೆಗೆ, ಎನೇಬಲ್ ಮಾಡುವ ಮೊದಲೇ ಒಂದು ಬಚಾವ್ ಟೈಮರ್ ಇಟ್ಟುಕೊಳ್ಳಿ:

ಸುಡೊ ಸಿಸ್ಟಂಡಿ-ರನ್ --ಯುನಿಟ್=ಬಚಾವ್ --ಆನ್-ಆ್ಯಕ್ಟಿವ್=10ಮಿನ್ /ಯುಎಸ್‌ಆರ್/ಎಸ್‌ಬಿನ್/ಯುಎಫ್‌ಡಬ್ಲ್ಯು ಡಿಸೇಬಲ್

10 ನಿಮಿಷದ ನಂತರ ಫೈರ್‌ವಾಲ್ ತಾನೇ ಆಫ್ ಆಗುತ್ತದೆ. ಹೊಸ ಲಾಗಿನ್ ಆಯಿತು ಅಂದರೆ ಸುಡೊ ಸಿಸ್ಟಂಸಿಟಿಎಲ್ ಸ್ಟಾಪ್ ಬಚಾವ್.ಟೈಮರ್ ಹಾಕಿ ರದ್ದು ಮಾಡಿ. ಸರ್ವರ್ ಕೊಟ್ಟವರ ವೆಬ್ ಕನ್ಸೋಲ್ ಕೆಲಸ ಮಾಡುತ್ತದೆಯೇ ಎನ್ನುವುದನ್ನೂ ಮೊದಲೇ ನೋಡಿಟ್ಟುಕೊಂಡಿರಿ.

ಹೊಸಹಾದಿ:
ಮಿಂಟ್ ಹಾಕಿ, ಪೋರ್ಟ್22 ಹೇಳಿದ ಕ್ರಮದಲ್ಲಿ ಆನ್ ಮಾಡಿದೆ. ಎಸ್‌ಎಸ್‌ಎಚ್ ಸರಿಯಿದೆ, ಪ್ರಿಂಟರ್ ಕೂಡ ಸಿಕ್ಕಿತು. ಆದರೆ ಫೋನ್ ಜೊತೆ ಕೆಡಿಇ ಕನೆಕ್ಟ್ (ಫೋನನ್ನೂ ಲ್ಯಾಪ್‌ಟಾಪನ್ನೂ ಜೋಡಿಸುವ ಆ್ಯಪ್) ಜೋಡಿಯಾಗುತ್ತಿಲ್ಲ.

ಪೋರ್ಟ್22:
ಊಹೆ ಮಾಡುವ ಬದಲು ಲಾಗ್ ನೋಡಿ. ಸುಡೊ ಜರ್ನಲ್‌ಸಿಟಿಎಲ್ -ಕೆ -ಎಫ್ ಓಡಿಸಿಟ್ಟು ಫೋನ್‌ನಲ್ಲಿ ಮತ್ತೆ ಪ್ರಯತ್ನಿಸಿ. ಇಂಥ ಸಾಲು ಬರುತ್ತದೆ:

[ಯುಎಫ್‌ಡಬ್ಲ್ಯು ಬ್ಲಾಕ್] ಇನ್=ಡಬ್ಲ್ಯುಎಲ್‌ಪಿ2ಎಸ್0 ಔಟ್= ಎಸ್‌ಆರ್‌ಸಿ=192.168.1.40 ಡಿಎಸ್‌ಟಿ=192.168.1.23 ಪ್ರೊಟೊ=ಟಿಸಿಪಿ ಎಸ್‌ಪಿಟಿ=51514 ಡಿಪಿಟಿ=1716

ಬಲದಿಂದ ಓದಿ. ಡಿಪಿಟಿ ಅಂದರೆ ನಿಮ್ಮ ಮಷೀನ್‌ನಲ್ಲಿ ಬಡಿದ ಪೋರ್ಟ್, ಇಲ್ಲಿ 1716. ಎಸ್‌ಪಿಟಿ ಫೋನ್ ಕಡೆಯದು, ಪ್ರತಿ ಸಲ ಬದಲಾಗುತ್ತದೆ, ಅದರ ಮೇಲೆ ನಿಯಮ ಬರೆಯಬೇಡಿ. ಪ್ರೊಟೊ ಟಿಸಿಪಿ. ಎಸ್‌ಆರ್‌ಸಿ ನಿಮ್ಮದೇ ಫೋನಿನ ವಿಳಾಸವೇ ಎಂದು ತಾಳೆ ನೋಡಿ. ಔಟ್ ಖಾಲಿ ಇದೆ, ಅಂದರೆ ಈ ಮಷೀನ್‌ಗೇ ಬಂದ ಪ್ಯಾಕೆಟ್. ಯಾರು, ಎಲ್ಲಿಗೆ, ಯಾವ ದಾರಿಯಲ್ಲಿ ಎಂಬ ಮೂರೂ ಒಂದೇ ಸಾಲಿನಲ್ಲಿ ಸಿಕ್ಕಿತು.

ಕೆಡಿಇ ಕನೆಕ್ಟ್ 1714ರಿಂದ 1764ರವರೆಗೆ ಟಿಸಿಪಿ, ಯುಡಿಪಿ ಎರಡನ್ನೂ ಬಳಸುತ್ತದೆ. ನಿಮ್ಮ ನೆಟ್‌ವರ್ಕ್‌ಗೆ ಮಾತ್ರ ತೆರೆಯಿರಿ:

ಸುಡೊ ಯುಎಫ್‌ಡಬ್ಲ್ಯು ಅಲೋ ಫ್ರಂ 192.168.1.0/24 ಟು ಎನಿ ಪೋರ್ಟ್ 1714:1764 ಪ್ರೊಟೊ ಟಿಸಿಪಿ

ಕೊನೆಯಲ್ಲಿ ಯುಡಿಪಿ ಎಂದು ಬದಲಿಸಿ ಇನ್ನೊಂದು ಸಲ. ಪೋರ್ಟ್‌ಗಳ ಸಾಲು ಕೊಟ್ಟಾಗ ಪ್ರೊಟೊ ಹೇಳಲೇಬೇಕು, ಬಿಟ್ಟರೆ ಯುಎಫ್‌ಡಬ್ಲ್ಯು ಒಪ್ಪುವುದಿಲ್ಲ.

ಮುಂದೆ ಯಾವುದಾದರೂ ನಿಯಮ ಕೆಲಸ ಮಾಡುತ್ತಿಲ್ಲ ಅನಿಸಿದರೆ ಸ್ಟೇಟಸ್ ನಂಬರ್ಡ್ ಹಾಕಿ ಕ್ರಮ ನೋಡಿ. ಮೊದಲು ಹೊಂದಿದ ನಿಯಮವೇ ಅಂತಿಮ. ಮೇಲೆ ಎಲ್ಲರಿಗೂ ಅಲೋ ಇದ್ದು ಕೆಳಗೆ ಒಬ್ಬರಿಗೆ ಡಿನೈ ಬರೆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಯುಎಫ್‌ಡಬ್ಲ್ಯು ಇನ್ಸರ್ಟ್ 1 ಡಿನೈ ಫ್ರಂ ಎಂದು ಮೇಲಕ್ಕೆ ಸೇರಿಸಬೇಕು.

ಕೆಂಪುಟೋಪಿ:
ಫೈರ್‌ವಾಲ್‌ಡಿ ಬಳಸುವವರಿಗೆ ಇದೇ ಕೆಲಸ --ಆ್ಯಡ್-ಸರ್ವಿಸ್=ಕೆಡಿಇಕನೆಕ್ಟ್ ಎಂಬಲ್ಲಿಗೆ ಮುಗಿಯುತ್ತದೆ, ಪೋರ್ಟ್ ಸಂಖ್ಯೆ ನೆನಪಿಡಬೇಕಿಲ್ಲ. ಎಡವುವುದು --ಪರ್ಮನೆಂಟ್‌ನಲ್ಲಿ. ಅದಿಲ್ಲದೆ ಹಾಕಿದರೆ ಈಗಲೇ ಜಾರಿ, ರೀಬೂಟ್ ಆದರೆ ಮಾಯ. ಅದನ್ನು ಹಾಕಿದರೆ ಉಳಿಯುತ್ತದೆ, ಆದರೆ --ರಿಲೋಡ್ ಮಾಡುವವರೆಗೆ ಜಾರಿಗೆ ಬರುವುದಿಲ್ಲ. ಹಾಗಾಗಿ ಮೊದಲು --ಪರ್ಮನೆಂಟ್ ಇಲ್ಲದೆ ಹಾಕಿ ಪರೀಕ್ಷಿಸಿ, ಸರಿಯಿದ್ದರೆ --ರನ್‌ಟೈಮ್-ಟು-ಪರ್ಮನೆಂಟ್ ಹಾಕಿ. ತಪ್ಪಾಗಿದ್ದರೆ --ರಿಲೋಡ್ ಸಾಕು, ಹಳೆಯದು ವಾಪಸ್.

ಓಪನ್‌ಸೂಸೆ ಡಿಸ್ಟ್ರೋದಲ್ಲಿ ನೆಟ್‌ವರ್ಕ್ ಪ್ರಿಂಟರ್ ಕಾಣುತ್ತಿಲ್ಲ ಎಂಬ ದೂರಿಗೂ ಹೆಚ್ಚಿನ ಸಲ ಮೂಲ ಇಲ್ಲೇ. ಪಬ್ಲಿಕ್ ಜೋನ್‌ನಲ್ಲಿ ಎಮ್‌ಡಿಎನ್‌ಎಸ್ (ನೆಟ್‌ವರ್ಕ್‌ನಲ್ಲಿ ಸಾಧನಗಳನ್ನು ಹುಡುಕುವ ಸೇವೆ) ಇಲ್ಲದಿದ್ದರೆ ಪ್ರಿಂಟರ್‌ನ ಘೋಷಣೆ 5353/ಯುಡಿಪಿಯಲ್ಲೇ ನಿಂತುಬಿಡುತ್ತದೆ. ಎಮ್‌ಡಿಎನ್‌ಎಸ್ ಸೇವೆ ಸೇರಿಸಿ, ಇಲ್ಲವೇ ಆ ಒಂದು ವೈಫೈಯನ್ನು ಹೋಮ್ ಜೋನ್‌ಗೆ ಹಾಕಿ.

ಕಮಾನು:
ಯುಎಫ್‌ಡಬ್ಲ್ಯು, ಫೈರ್‌ವಾಲ್‌ಡಿ ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಎರಡೂ ಕೊನೆಗೆ ಬರೆಯುವುದು ಕರ್ನಲ್‌ನ (ಲಿನಕ್ಸ್‌ನ ತಿರುಳು) ಒಂದೇ ನೆಟ್‌ಫಿಲ್ಟರ್‌ಗೆ, ಅಂದರೆ ಪ್ಯಾಕೆಟ್ ಸೋಸುವ ಭಾಗಕ್ಕೆ. ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ, ಎಲ್ಲಿ ತಡೆಯಿತು ಎಂದು ಹುಡುಕುವುದು ಬಲು ಕಷ್ಟ. ಅನುಮಾನ ಬಂದರೆ ಸುಡೊ ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ನೋಡಿ. ಮೇಲೆ ಯಾವ ಮುಖ ಇದ್ದರೂ ಕರ್ನಲ್‌ನಲ್ಲಿ ನಿಜಕ್ಕೂ ಏನಿದೆ ಅನ್ನುವುದು ಅಲ್ಲಿ ಕಾಣುತ್ತದೆ. ಐಪಿವಿ6ಗೆ ಕೈಯಾರೆ ನಿಯಮ ಬರೆಯುವವರು ಐಸಿಎಮ್‌ಪಿವಿ6 ಪೂರ್ತಿ ಮುಚ್ಚಬಾರದು. ನೆರೆಯ ಸಾಧನ ಪತ್ತೆಯಾಗುವುದೇ ಅದರಿಂದ, ಮುಚ್ಚಿದರೆ ಐಪಿವಿ6 ಸಂಪರ್ಕವೇ ಹೋಗುತ್ತದೆ.

ಹೊಸಹಾದಿ:
ಕೆಡಿಇ ಕನೆಕ್ಟ್ ಸರಿಯಾಯಿತು, ಧನ್ಯವಾದ. ಈಗ ಪ್ಯಾಕೇಜ್ ವಿಚಾರ.

ಟಕ್ಸ್‌ಕಟ್ಟೆ:
ವ್ಯವಸ್ಥೆಗೆ ಸೇರಿದ್ದು, ಅಂದರೆ ಡ್ರೈವರ್, ಸರ್ವರ್, ಕಮಾಂಡ್ ಉಪಕರಣ, ಎಪಿಟಿಯಿಂದ. ಹೊಸ ಆವೃತ್ತಿಯೇ ಬೇಕಾದ ಡೆಸ್ಕ್‌ಟಾಪ್ ಆ್ಯಪ್ ಫ್ಲಾಟ್‌ಪ್ಯಾಕ್‌ನಿಂದ. ಒಂದೇ ಆ್ಯಪನ್ನು ಎರಡು ಕಡೆಯಿಂದ ಹಾಕಬೇಡಿ. ಸೆಟ್ಟಿಂಗ್ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ, ಮೆನುವಿನಲ್ಲಿ ಎರಡೆರಡು ಬರುತ್ತದೆ. ಫ್ಲಾಟ್‌ಪ್ಯಾಕ್‌ನ ಮೊದಲ ಆ್ಯಪ್ ಭಾರಿ ಅನಿಸುತ್ತದೆ, ಏಕೆಂದರೆ ರನ್‌ಟೈಮ್ (ಆ್ಯಪ್‌ಗಳು ಓಡಲು ಬೇಕಾದ, ಹಂಚಿಕೊಳ್ಳುವ ಲೈಬ್ರರಿಗಳು) ಕೂಡ ಇಳಿಯುತ್ತದೆ. ಅದೇ ರನ್‌ಟೈಮ್ ಬಳಸುವ ಮುಂದಿನ ಆ್ಯಪ್‌ಗಳು ಹಗುರ. ಹಳೆಯ ರನ್‌ಟೈಮ್ ಉಳಿದು ಜಾಗ ತಿಂದರೆ ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್. ಮಿಂಟ್‌ನಲ್ಲಿ ಸ್ನ್ಯಾಪ್ ಬರದಂತೆ ನೋಸ್ನ್ಯಾಪ್.ಪ್ರೆಫ್ ಎಂಬ ಫೈಲ್ ತಡೆದಿರುತ್ತದೆ, ನಿಮ್ಮ ಕೆಲಸಕ್ಕೆ ಅದನ್ನು ತೆಗೆಯುವ ಅಗತ್ಯ ಕಾಣುವುದಿಲ್ಲ.

ಬೇರುಮಟ್ಟ:
ಎಪಿಟಿಯಲ್ಲಿ ಜನ ಓದದೇ ವೈ ಒತ್ತುವುದೇ ದೊಡ್ಡ ಅಪಾಯ. ಇನ್‌ಸ್ಟಾಲ್ ಮಾಡುವಾಗ ಬರುವ ಸಾರಾಂಶದಲ್ಲಿ ಹೊಸದಾಗಿ ಬರುವ ಪಟ್ಟಿಗಿಂತ ತೆಗೆದುಹಾಕುವ ಪಟ್ಟಿ ಮುಖ್ಯ. 2021ರಲ್ಲಿ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಹೋದರೆ ಡೆಸ್ಕ್‌ಟಾಪ್ ಪ್ಯಾಕೇಜೇ ಕಿತ್ತುಹೋಗುವ ದೋಷ ಬಂದಿತ್ತು. ಅವಲಂಬನೆಗಳ ಆವೃತ್ತಿ ಹೊಂದದೆ, ಎಪಿಟಿ ಡೆಸ್ಕ್‌ಟಾಪ್ ತೆಗೆಯುವುದನ್ನೇ ಪರಿಹಾರ ಎಂದು ಮುಂದಿಟ್ಟಿತ್ತು. ಎಚ್ಚರಿಕೆ ಪರದೆ ಮೇಲೆಯೇ ಇತ್ತು. ಅನುಮಾನ ಇದ್ದರೆ ಎಪಿಟಿ -ಎಸ್ ಇನ್‌ಸ್ಟಾಲ್ ಎಂದು ಅಣಕು ಓಟ ಮಾಡಿ, ಏನೂ ಬದಲಾಗದೆ ಪಟ್ಟಿ ಮಾತ್ರ ಬರುತ್ತದೆ. ಆಟೋರಿಮೂವ್ ಮಾಡುವಾಗಲೂ ಹಾಗೇ. ನಿಮಗೆ ಬೇಕಾದದ್ದು ಆ ಪಟ್ಟಿಯಲ್ಲಿ ಕಂಡರೆ ಮೊದಲು ಎಪಿಟಿ-ಮಾರ್ಕ್ ಮ್ಯಾನ್ಯುಯಲ್ ಮಾಡಿ.

ಕೆಟ್ಟಮೇಲೆ ನೋಡಬೇಕಾದ ಜಾಗ /ವಾರ್/ಲಾಗ್/ಎಪಿಟಿ/ಹಿಸ್ಟರಿ.ಲಾಗ್. ಯಾವ ಕಮಾಂಡ್ ಯಾವ ಹೊತ್ತಿಗೆ ಏನು ಹಾಕಿತು, ಏನು ತೆಗೆಯಿತು, ಪೂರ್ತಿ ಇರುತ್ತದೆ.

ಕೆಂಪುಟೋಪಿ:
ಡಿಎನ್‌ಎಫ್‌ನಲ್ಲಿ ಇತಿಹಾಸ ಓದುವುದಷ್ಟೇ ಅಲ್ಲ, ಡಿಎನ್‌ಎಫ್ ಹಿಸ್ಟರಿ ಅಂಡು ಮಾಡಿ ಆ ವಹಿವಾಟನ್ನೇ ಹಿಂದಕ್ಕೆ ತರಬಹುದು. ಹಳೆಯ ಆವೃತ್ತಿ ರೆಪೊದಲ್ಲಿ (ಪ್ಯಾಕೇಜ್ ಸಂಗ್ರಹ) ಇನ್ನೂ ಇದ್ದರೆ ಮಾತ್ರ ಅಪ್‌ಗ್ರೇಡ್ ಹಿಂದಕ್ಕೆ ಹೋಗುತ್ತದೆ. ಹೊಸದಾಗಿ ಹಾಕಿದ್ದನ್ನು ಅವಲಂಬನೆ ಸಮೇತ ತೆಗೆಯಲಂತೂ ಇದಕ್ಕಿಂತ ಚೊಕ್ಕ ದಾರಿ ಇಲ್ಲ.

ಹೊಸಹಾದಿ:
ಎಪಿಟಿ ಅಪ್‌ಗ್ರೇಡ್ ಕೊಟ್ಟಾಗ ಲಾಕ್-ಫ್ರಂಟ್‌ಎಂಡ್ ಸಿಗಲಿಲ್ಲ ಎಂದು ನಿಂತಿತು. ಆ ಲಾಕ್ ಫೈಲ್ ಅಳಿಸಿ ಎಂದು ಒಂದು ಕಡೆ ಓದಿದೆ. ಅಳಿಸಲೇ?

ಬೇರುಮಟ್ಟ:
ಬೇಡ. ಲಾಕ್ ಇದೆ ಅಂದರೆ ಬಹುಪಾಲು ಹಿನ್ನೆಲೆಯಲ್ಲಿ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಅಥವಾ ಅಪ್‌ಡೇಟ್ ಮ್ಯಾನೇಜರ್ ಕೆಲಸ ಮಾಡುತ್ತಿದೆ ಎಂದರ್ಥ. ಅಳಿಸಿ ಇನ್ನೊಂದು ಎಪಿಟಿ ಓಡಿಸಿದರೆ ಎರಡು ಪ್ರೋಗ್ರಾಂಗಳು ಒಂದೇ ಡಿಪಿಕೆಜಿ ಡೇಟಾಬೇಸ್‌ಗೆ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ದಾಖಲೆ) ಬರೆಯುತ್ತವೆ, ಅದು ಹಾಳಾದರೆ ಸರಿಪಡಿಸುವುದು ದೊಡ್ಡ ಕೆಲಸ. ಯಾರು ಹಿಡಿದಿದ್ದಾರೆ ನೋಡಿ:

ಸುಡೊ ಫ್ಯೂಸರ್ -ವಿ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್

ಪ್ರಕ್ರಿಯೆ ಕಂಡರೆ ಕಾಯಿರಿ. ನಡುವೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದರೆ ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ, ಅದಾದ ಮೇಲೆ ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್. ಕ್ರಮ ಇದೇ.

ಇನ್ನೊಂದು. ಉಬುಂಟು ಮೂಲದ ವ್ಯವಸ್ಥೆಗಳಲ್ಲಿ ಕೆಲವು ಪ್ಯಾಕೇಜ್‌ಗಳನ್ನು ಫೇಸಿಂಗ್ ಕಾರಣಕ್ಕೆ ತಡೆಹಿಡಿಯಲಾಗಿದೆ ಎಂದು ಬಂದರೆ ಅದು ದೋಷವಲ್ಲ. ಅಪ್‌ಡೇಟನ್ನು ಎಲ್ಲರಿಗೂ ಒಮ್ಮೆಲೇ ಬಿಡದೆ ಹಂತ ಹಂತವಾಗಿ ಬಿಡುತ್ತಾರೆ, ನಿಮ್ಮ ಸರದಿ ಬಂದಾಗ ತಾನೇ ಬರುತ್ತದೆ. ಬಲವಂತ ಮಾಡಬೇಡಿ.

ಕಮಾನು:
ಆರ್ಚ್ ಡಿಸ್ಟ್ರೋಗೆ ಹೋಗುವವರಿಗೂ ಎರಡು ಮಾತು ಇರಲಿ. ಪ್ಯಾಕ್‌ಮ್ಯಾನ್ -ಎಸ್‌ವೈ ಜೊತೆ ಒಂದೇ ಪ್ಯಾಕೇಜ್ ಹಾಕಬೇಡಿ, ಯಾವಾಗಲೂ -ಎಸ್‌ವೈಯು (ಎಸ್ ಮಾತ್ರ ದೊಡ್ಡಕ್ಷರ). ಪಟ್ಟಿ ಹೊಸದು, ವ್ಯವಸ್ಥೆ ಹಳೆಯದು ಆದರೆ ಹೊಸ ಪ್ಯಾಕೇಜ್ ಕೇಳುವ ಲೈಬ್ರರಿ ನಿಮ್ಮಲ್ಲಿರುವುದಿಲ್ಲ. ಎಯುಆರ್ (ಬಳಕೆದಾರರೇ ಪ್ಯಾಕೇಜ್ ಹಾಕುವ ಸಂಗ್ರಹ) ಬಳಸುವಾಗ ಪಿಕೆಜಿಬಿಲ್ಡ್ (ಪ್ಯಾಕೇಜ್ ಕಟ್ಟುವ ಸ್ಕ್ರಿಪ್ಟ್) ಓದಿ. 2025ರ ಜುಲೈನಲ್ಲಿ ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳ ಹೆಸರು ಹೊತ್ತ ಕೆಲವು ಎಯುಆರ್ ಪ್ಯಾಕೇಜ್‌ಗಳಲ್ಲಿ ದೂರದಿಂದ ಮಷೀನನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಕುತಂತ್ರಾಂಶ ಸಿಕ್ಕಿ, ಅವನ್ನು ತೆಗೆದುಹಾಕಲಾಯಿತು. ಎಲ್ಲಿಂದ ಡೌನ್‌ಲೋಡ್ ಆಗುತ್ತಿದೆ ಎಂಬ ಸೋರ್ಸ್ ಸಾಲು, ಇನ್‌ಸ್ಟಾಲ್ ಸ್ಕ್ರಿಪ್ಟ್, ಇವೆರಡನ್ನಾದರೂ ನೋಡದೆ ಮುಂದುವರಿಯಬಾರದು.

ಪಿಪಿಎಗೂ (ಉಬುಂಟುಗೆ ಹೊರಗಿನವರು ಇಡುವ ಪ್ಯಾಕೇಜ್ ಸಂಗ್ರಹ) ಇದೇ ಅನ್ವಯ. ಯಾರದೋ ಪಿಪಿಎ ಸೇರಿಸಿದರೆ ರೂಟ್ ಹಕ್ಕಿನಲ್ಲಿ ಓಡುವ ಸ್ಕ್ರಿಪ್ಟ್‌ಗೆ ಒಪ್ಪಿಗೆ ಕೊಟ್ಟಂತೆ.

ಹೊಸಹಾದಿ:
ಪೈಥಾನ್ ಲೈಬ್ರರಿ ಹಾಕಲು ಪಿಪ್ ಇನ್‌ಸ್ಟಾಲ್ ಕೊಟ್ಟರೆ ಎಕ್ಸ್‌ಟರ್ನಲಿ-ಮ್ಯಾನೇಜ್ಡ್-ಎನ್ವಿರಾನ್ಮೆಂಟ್ ಎಂದು ನಿರಾಕರಿಸುತ್ತಿದೆ.

ಕಮಾನು:
ಅದು ಬೇಕೆಂದೇ ಇಟ್ಟ ತಡೆ. ವ್ಯವಸ್ಥೆಯ ಪೈಥಾನ್ ಮೇಲೆ ಡಿಸ್ಟ್ರೋದ ಉಪಕರಣಗಳೂ ನಿಂತಿವೆ, ಪಿಪ್ ಅದರ ಲೈಬ್ರರಿ ಬದಲಿಸಿದರೆ ಅವು ಕೆಡುತ್ತವೆ. ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಎಂಬ ಆಯ್ಕೆ ಹಾಕಿ ದಾಟಬೇಡಿ. ಪೈಥಾನ್3-ವೆನ್ವ್ ಪ್ಯಾಕೇಜ್ ಹಾಕಿಕೊಂಡು ಪ್ರತ್ಯೇಕ ಪೈಥಾನ್ ಪರಿಸರ ಮಾಡಿಕೊಳ್ಳಿ:

ಪೈಥಾನ್3 -ಎಮ್ ವೆನ್ವ್ ಕೆಲಸ
ಸೋರ್ಸ್ ಕೆಲಸ/ಬಿನ್/ಆ್ಯಕ್ಟಿವೇಟ್

ಆಮೇಲೆ ಪಿಪ್ ಎಂದಿನಂತೆ. ಬರೀ ಒಂದು ಕಮಾಂಡ್ ಉಪಕರಣ ಬೇಕಿದ್ದರೆ ಪಿಪ್‌ಎಕ್ಸ್.

ಟಕ್ಸ್‌ಕಟ್ಟೆ:
ಮಿಂಟ್ ಹಾಕಿದ್ದೀರಿ ಅಂದಮೇಲೆ ಟೈಮ್‌ಶಿಫ್ಟ್ ಇವತ್ತೇ ಹೊಂದಿಸಿ. ವ್ಯವಸ್ಥೆಯ ಫೈಲ್‌ಗಳ ಪ್ರತಿ ಇಟ್ಟುಕೊಳ್ಳುತ್ತದೆ, ಅಪ್‌ಡೇಟ್ ಕೆಟ್ಟರೆ ಹಿಂದಕ್ಕೆ ಹೋಗಬಹುದು. ಡೀಫಾಲ್ಟ್ ಆಗಿ ಹೋಮ್ ಫೋಲ್ಡರ್ ಅದರಲ್ಲಿ ಸೇರುವುದಿಲ್ಲ, ನಿಮ್ಮ ಕಡತಗಳಿಗೆ ಬೇರೆಯೇ ಬ್ಯಾಕಪ್ ಬೇಕು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ /ಬೂಟ್ ಪ್ರತ್ಯೇಕ ಸಣ್ಣ ಪಾರ್ಟಿಶನ್ ಆಗಿರುತ್ತದೆ. ಹಳೆಯ ಕರ್ನಲ್‌ಗಳು ತುಂಬಿ ಅಪ್‌ಡೇಟ್ ಅರ್ಧಕ್ಕೆ ನಿಲ್ಲಬಹುದು. ಡಿಎಫ್ -ಎಚ್ /ಬೂಟ್ ಆಗಾಗ ನೋಡಿ. ಈಗ ಓಡುತ್ತಿರುವ ಕರ್ನಲನ್ನು ಮಾತ್ರ ತೆಗೆಯಬೇಡಿ, ಯಾವುದು ಎಂದು ಯುನೇಮ್ -ಆರ್ ಹೇಳುತ್ತದೆ.

ಹೊಸಹಾದಿ:
ಕೊನೆಯ ಪ್ರಶ್ನೆ. ಡಾಕರ್‌ನಲ್ಲಿ (ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಉಪಕರಣ) 8080 ಪೋರ್ಟ್‌ನಲ್ಲಿ ಒಂದು ಆ್ಯಪ್ ಓಡಿಸಿದೆ. ಯುಎಫ್‌ಡಬ್ಲ್ಯುನಲ್ಲಿ 8080 ತೆರೆದಿಲ್ಲ, ಆದರೂ ಫೋನಿನಿಂದ ಪುಟ ಬರುತ್ತಿದೆ.

ಪೋರ್ಟ್22:
ಇದು ಬಹಳ ಜನಕ್ಕೆ ಗೊತ್ತಿಲ್ಲದ ಕಿಂಡಿ. ಯುಎಫ್‌ಡಬ್ಲ್ಯುನಲ್ಲಿ ನೀವು ಬರೆದ ನಿಯಮಗಳು ಇನ್‌ಪುಟ್ ಸರಪಳಿಯಲ್ಲಿ, ಅಂದರೆ ಈ ಮಷೀನ್‌ಗೇ ಬಂದ ಪ್ಯಾಕೆಟ್‌ಗಳಿಗೆ. -ಪಿ 8080:80 ಎಂದಾಗ ಡಾಕರ್ ಪ್ರಿರೂಟಿಂಗ್ ಹಂತದಲ್ಲೇ ಗಮ್ಯ ವಿಳಾಸವನ್ನು ಕಂಟೇನರ್‌ನ ವಿಳಾಸಕ್ಕೆ ತಿರುಗಿಸುತ್ತದೆ. ಆಗ ಪ್ಯಾಕೆಟ್ ಇನ್‌ಪುಟ್‌ಗೆ ಬರದೆ ಫಾರ್ವರ್ಡ್ ಸರಪಳಿಗೆ ಹೋಗುತ್ತದೆ, ಅಲ್ಲಿ ಡಾಕರ್ ತನ್ನ ನಿಯಮದಲ್ಲಿ ಬಿಟ್ಟಿರುತ್ತದೆ.

ಈ ಮಷೀನ್‌ನಲ್ಲೇ ಬಳಸುವುದಾದರೆ ಹೀಗೆ ಬರೆಯಿರಿ:

-ಪಿ 127.0.0.1:8080:80

ಕಾಂಪೋಸ್ ಫೈಲ್‌ನಲ್ಲೂ ಪೋರ್ಟ್ಸ್ ಕೆಳಗೆ ಇದೇ ರೂಪ. ಹೊರಗಿನ ಕೆಲವರಿಗೆ ಮಾತ್ರ ಬಿಡಬೇಕಿದ್ದರೆ ಡಾಕರ್-ಯೂಸರ್ (ಪೂರ್ತಿ ದೊಡ್ಡಕ್ಷರ) ಸರಪಳಿಯಲ್ಲಿ ನಿಯಮ ಬರೆಯಬೇಕು. ಅಲ್ಲಿಗೆ ಬರುವ ಹೊತ್ತಿಗೆ ಪೋರ್ಟ್ 80 ಆಗಿ ಬದಲಾಗಿರುತ್ತದೆ, 8080 ಎಂದು ಬರೆದರೆ ಹೊಂದುವುದೇ ಇಲ್ಲ. ಮೂಲ ಪೋರ್ಟ್ ಬೇಕಿದ್ದರೆ ಕಾನ್‌ಟ್ರ್ಯಾಕ್‌ನ (ಸಂಪರ್ಕಗಳ ಜಾಡು ಇಡುವ ಭಾಗ) --ಸಿಟಿಒರಿಗ್‌ಡಿಎಸ್‌ಟಿಪೋರ್ಟ್ ಬಳಸಿ.

ಹೊಸಹಾದಿ:
127.0.0.1 ಸೇರಿಸಿದ ಮೇಲೆ ಫೋನಿನಲ್ಲಿ ಪುಟ ಬರುತ್ತಿಲ್ಲ. ಇನ್ನೇನಾದರೂ ತೆರೆದಿದೆಯೇ ಎಂದು ಒಟ್ಟಾರೆ ನೋಡುವುದು ಹೇಗೆ?

ಪೋರ್ಟ್22:
ಬೇರೆ ಮಷೀನ್‌ನಿಂದ ನೋಡಬೇಕು. ಅದೇ ಲ್ಯಾಪ್‌ಟಾಪ್‌ನಿಂದ ಪರೀಕ್ಷಿಸಿದರೆ ಪ್ಯಾಕೆಟ್ ಲೂಪ್‌ಬ್ಯಾಕ್‌ನಲ್ಲಿ ಹೋಗುತ್ತದೆ, ಯುಎಫ್‌ಡಬ್ಲ್ಯು ಅದನ್ನು ತಡೆಯುವುದೇ ಇಲ್ಲ. ನಿಮ್ಮದೇ ನೆಟ್‌ವರ್ಕ್‌ನ ಇನ್ನೊಂದು ಮಷೀನ್‌ನಲ್ಲಿ:

ಎನ್‌ಮ್ಯಾಪ್ -ಪಿಎನ್ -ಪಿ- 192.168.1.23

ಮೊದಲ ಆಯ್ಕೆಯಲ್ಲಿ ಪಿ ದೊಡ್ಡಕ್ಷರ, ಎರಡನೆಯದರಲ್ಲಿ ಸಣ್ಣದು. 65535 ಪೋರ್ಟ್‌ಗಳನ್ನೂ ತಟ್ಟುವುದರಿಂದ ಸಮಯ ಹಿಡಿಯುತ್ತದೆ. ಓಪನ್ ಎಂದರೆ ದಾರಿಯೂ ಇದೆ, ಕೇಳುವ ಪ್ರೋಗ್ರಾಮೂ ಇದೆ. ಕ್ಲೋಸ್ಡ್ ಎಂದರೆ ಫೈರ್‌ವಾಲ್ ಬಿಟ್ಟಿದೆ, ಒಳಗೆ ಯಾರೂ ಇಲ್ಲ. ಆ ನಿಯಮ ಇನ್ನೂ ಬೇಕೇ ನೋಡಿ. ಫಿಲ್ಟರ್ಡ್ ಎಂದರೆ ಉತ್ತರವೇ ಬರಲಿಲ್ಲ, ಫೈರ್‌ವಾಲ್ ನುಂಗಿದೆ. ನಿಮ್ಮ ಮಷೀನ್‌ನಲ್ಲಿ 22 ಓಪನ್ ಇರಬೇಕು, ಕೆಡಿಇ ಕನೆಕ್ಟ್ ಓಡುತ್ತಿದ್ದರೆ 1716 ಕೂಡ. 1714ರಿಂದ 1764ರ ಉಳಿದವು ಕ್ಲೋಸ್ಡ್ ಎಂದು ಬಂದರೆ ಸಹಜ, ಮಿಕ್ಕಿದ್ದೆಲ್ಲ ಫಿಲ್ಟರ್ಡ್. ನಂತರ -6 ಸೇರಿಸಿ ಐಪಿವಿ6 ವಿಳಾಸಕ್ಕೂ ಓಡಿಸಿ. ಕೆಡಿಇ ಕನೆಕ್ಟ್ ನಿಯಮ ಬರೆದದ್ದು ಐಪಿವಿ4 ವಿಳಾಸಗಳಿಗೆ ಮಾತ್ರ, ಹಾಗಾಗಿ ಅಲ್ಲಿ 22 ಒಂದೇ ಓಪನ್ ಕಾಣಬೇಕು. ಅದೂ ಕಾಣದಿದ್ದರೆ /ಇಟಿಸಿ/ಡೀಫಾಲ್ಟ್/ಯುಎಫ್‌ಡಬ್ಲ್ಯು ಫೈಲ್‌ನಲ್ಲಿ ಐಪಿವಿ6=ಯೆಸ್ (ಐಪಿವಿ ದೊಡ್ಡಕ್ಷರ) ಇದೆಯೇ ನೋಡಿ; ಇಲ್ಲದಿದ್ದರೆ ಬದಲಿಸಿ, ಯುಎಫ್‌ಡಬ್ಲ್ಯು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿ. ಆಮೇಲೆ 22ರ ನಿಯಮವನ್ನು ಇನ್ನೊಮ್ಮೆ ಹಾಕಿ, ಏಕೆಂದರೆ ಮೊದಲು ಹಾಕಿದಾಗ ಅದರ ಐಪಿವಿ6 ಜೋಡಿ ಸೇರಿರುವುದಿಲ್ಲ.